ಹೊರದೇಶಗಳಲ್ಲಿ ಟೆಲಿನೊವೆಲಾ

ಟೆಲಿನೊವೆಲಾ ಎಂಬುದು ಲ್ಯಾಟಿನ್ ಅಮೆರಿಕದಲ್ಲಿ ರೂಪುಗೊಂಡ ದೂರದರ್ಶನ ಧಾರಾವಾಹಿಯ ಒಂದು ಪ್ರಕಾರ. ಸ್ಪ್ಯಾನಿಷ್ ಭಾಷೆಯಲ್ಲಿ 'ನೊವೆಲಾ' ಎಂದರೆ ಕಾದಂಬರಿ. ಹೆಸರೇ ಸೂಚಿಸುವಂತೆ, ಇದು ಕಿರುತೆರೆಯ ಮೇಲೆ ಕಂತುಕಂತಾಗಿ ಬಿಚ್ಚಿಕೊಳ್ಳುವ ಕಾದಂಬರಿ. ಮೆಕ್ಸಿಕೊ, ವೆನೆಜುವೆಲಾ, ಕೊಲಂಬಿಯಾ ಮತ್ತು ಅರ್ಜೆಂಟೀನಾ ದೇಶಗಳು ಸ್ಪ್ಯಾನಿಷ್ ಟೆಲಿನೊವೆಲಾಗಳ ಪ್ರಮುಖ ನೆಲೆಗಳು. ತಾಯ್ನಾಡಿನ ಆಚೆಗೆ ಇವುಗಳಿಗೆ ಎರಡು ಬಗೆಯ ವೀಕ್ಷಕರಿದ್ದಾರೆ: ದುಡಿಮೆಗಾಗಿ ದೇಶ ಬಿಟ್ಟು ಹೋದ ಸ್ಪ್ಯಾನಿಷ್ ಭಾಷಿಕರು ಮತ್ತು ಆ ಭಾಷೆಯನ್ನರಿಯದ ಅನ್ಯಭಾಷಿಕರು. ಮೊದಲನೆಯವರಿಗೆ ಇವು ಮಾತೃಭಾಷೆಯೊಡನೆ ನಂಟನ್ನು ಉಳಿಸಿಕೊಳ್ಳುವ ಸಾಧನವಾದರೆ, ಎರಡನೆಯವರಲ್ಲಿ ಅನೇಕರಿಗೆ ಹೊಸ ಭಾಷೆಯೊಂದರ ಪ್ರವೇಶದ್ವಾರವಾಗಿವೆ.

ಹಿನ್ನೆಲೆ

ಟೆಲಿನೊವೆಲಾದ ಬೇರುಗಳು ಕ್ಯೂಬಾದಲ್ಲಿವೆ. ಅಲ್ಲಿನ ಚುಟ್ಟಾ ಕಾರ್ಖಾನೆಗಳಲ್ಲಿ ಕಾರ್ಮಿಕರು ಕೆಲಸ ಮಾಡುತ್ತಿರುವಾಗ ಒಬ್ಬ ವಾಚಕನು ಎತ್ತರದ ಪೀಠದಲ್ಲಿ ಕುಳಿತು ಪತ್ರಿಕೆ ಮತ್ತು ಕಾದಂಬರಿಗಳನ್ನು ಗಟ್ಟಿಯಾಗಿ ಓದುವ ಪದ್ಧತಿ 19ನೆಯ ಶತಮಾನದಲ್ಲಿ ಆರಂಭವಾಯಿತು. ಕಥೆಯನ್ನು ದಿನಕ್ಕಿಷ್ಟರಂತೆ ಕೇಳುವ ಈ ರೂಢಿ ಮುಂದೆ ರೇಡಿಯೊ ನಾಟಕಗಳಿಗೆ ಹದವಾದ ನೆಲವಾಯಿತು. ಫೆಲಿಕ್ಸ್ ಕೈನ್ಯೆಟ್ ರಚಿಸಿದ 'ಎಲ್ ದೆರೆಚೊ ದೆ ನಾಸೆರ್' (ಹುಟ್ಟುವ ಹಕ್ಕು) ಎಂಬ ರೇಡಿಯೊ ಧಾರಾವಾಹಿ 1948ರಲ್ಲಿ ಕ್ಯೂಬಾದಲ್ಲಿ ಪ್ರಸಾರಗೊಂಡು, ಅನಂತರ ಹಲವು ದೇಶಗಳಲ್ಲಿ ರೂಪಾಂತರ ಪಡೆಯಿತು. 1958ರ 'ಸೆಂದಾ ಪ್ರೊಹಿಬಿದಾ' ಮೆಕ್ಸಿಕೊದ ಮೊದಲ ಟೆಲಿನೊವೆಲಾ ಎಂದು ಪರಿಗಣಿತವಾಗಿದೆ.

ಸ್ವರೂಪ

ಟೆಲಿನೊವೆಲಾಕ್ಕೆ ನಿಶ್ಚಿತವಾದ ಅಂತ್ಯವಿರುತ್ತದೆ. ವಾರದ ಐದು ದಿನ ಪ್ರಸಾರವಾಗುವ ಕಥೆಯು ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷದೊಳಗೆ ಮುಗಿಯುತ್ತದೆ. ದಶಕಗಳ ಕಾಲ ಮುಂದುವರಿಯುವ ಇಂಗ್ಲಿಷ್ 'ಸೋಪ್ ಒಪೆರಾ'ಗಳಿಗಿಂತ ಇದು ಭಿನ್ನವಾಗಿರುವುದು ಮುಖ್ಯವಾಗಿ ಇಲ್ಲಿಯೇ. ಬಡ ಕನ್ಯೆ ಹಾಗೂ ಸಿರಿವಂತ ವರ, ಕಳೆದುಹೋದ ಮಗು, ಮರೆಮಾಚಿದ ಜನ್ಮರಹಸ್ಯ, ಕಡೆಯಲ್ಲಿ ಮದುವೆ: ಇವು ಪದೇಪದೇ ಕಾಣುವ ಕಥಾಸೂತ್ರಗಳು. ಭಾವನೆಗಳು ಮುಖಭಾವ ಮತ್ತು ಸಂಗೀತದಲ್ಲಿ ಸ್ಫುಟವಾಗಿರುವುದರಿಂದ ಭಾಷೆ ಬಾರದವರೂ ಕಥೆಯ ಜಾಡನ್ನು ಹಿಡಿಯಬಲ್ಲರು.

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ

ಟೆಲಿನೊವೆಲಾಗಳ ಅತ್ಯಂತ ದೊಡ್ಡ ವಲಸಿಗ ವೀಕ್ಷಕವರ್ಗ ಇಲ್ಲಿದೆ. 1962ರಲ್ಲಿ ಮೆಕ್ಸಿಕೊದ ಬಂಡವಾಳದ ನೆರವಿನಿಂದ ಆರಂಭವಾದ ಸ್ಪ್ಯಾನಿಷ್ ವಾಹಿನಿಜಾಲವೊಂದು ಮೆಕ್ಸಿಕೊದಲ್ಲಿ ತಯಾರಾದ ಧಾರಾವಾಹಿಗಳನ್ನು ಪ್ರಸಾರ ಮಾಡುತ್ತಿತ್ತು. 1987ರಲ್ಲಿ ಅದು 'ಯೂನಿವಿಷನ್' ಎಂಬ ಹೆಸರು ಪಡೆಯಿತು. ಅದರ ಪ್ರತಿಸ್ಪರ್ಧಿಯಾದ 'ಟೆಲೆಮುಂಡೊ' ಮುಂದೆ ಮಯಾಮಿ ನಗರವನ್ನು ಕೇಂದ್ರವಾಗಿಸಿಕೊಂಡು ಸ್ವಂತ ಧಾರಾವಾಹಿಗಳನ್ನು ನಿರ್ಮಿಸತೊಡಗಿತು. ಆರ್ತುರೊ ಪೆರೆಜ್-ರೆವೆರ್ತೆ ಅವರ ಕಾದಂಬರಿಯನ್ನು ಆಧರಿಸಿದ 'ಲಾ ರೈನಾ ದೆಲ್ ಸುರ್' (2011) ಆ ವಾಹಿನಿಗೆ ದೊಡ್ಡ ಯಶಸ್ಸನ್ನು ತಂದುಕೊಟ್ಟಿತು.

ವಲಸಿಗ ಕುಟುಂಬಗಳಲ್ಲಿ ಟೆಲಿನೊವೆಲಾ ವೀಕ್ಷಣೆ ಬಹುಮಟ್ಟಿಗೆ ಕೌಟುಂಬಿಕ ಚಟುವಟಿಕೆ. ಇಂಗ್ಲಿಷ್ ಶಾಲೆಗಳಲ್ಲಿ ಓದುವ ಮಕ್ಕಳು ಸ್ಪ್ಯಾನಿಷ್ ಅರ್ಥ ಮಾಡಿಕೊಂಡರೂ ಇಂಗ್ಲಿಷಿನಲ್ಲಿಯೇ ಉತ್ತರಿಸುವುದು, ಮೂರನೆಯ ತಲೆಮಾರಿನ ವೇಳೆಗೆ ಮನೆಮಾತು ಕೈಬಿಟ್ಟುಹೋಗುವುದು ಅಲ್ಲಿ ಸಾಮಾನ್ಯ. ಅಂಥ ಮನೆಗಳಲ್ಲಿ ಅಜ್ಜಿ ಮತ್ತು ಮೊಮ್ಮಕ್ಕಳು ಒಟ್ಟಿಗೆ ಕುಳಿತು ಅಖಂಡವಾಗಿ ಸ್ಪ್ಯಾನಿಷ್ ಕೇಳುವ ಸಮಯಗಳಲ್ಲಿ ಇದೂ ಒಂದು. ವೆನೆಜುವೆಲಾದ ಟೆಲಿನೊವೆಲಾವನ್ನು ಆಧರಿಸಿ 2014ರಲ್ಲಿ ಆರಂಭವಾದ 'ಜೇನ್ ದಿ ವರ್ಜಿನ್' ಎಂಬ ಇಂಗ್ಲಿಷ್ ಧಾರಾವಾಹಿಯು ಈ ಸ್ಥಿತಿಯನ್ನೇ ಚಿತ್ರಿಸಿದೆ. ಅದರಲ್ಲಿ ಅಜ್ಜಿ ಸ್ಪ್ಯಾನಿಷಿನಲ್ಲಿ ಮಾತನಾಡುತ್ತಾಳೆ, ಮೊಮ್ಮಗಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. ಮೂರು ತಲೆಮಾರಿನ ಹೆಂಗಸರು ಜೊತೆಯಾಗಿ ಟೆಲಿನೊವೆಲಾ ನೋಡುತ್ತಾರೆ. ಆದರೆ ನೋಡುವುದರಿಂದ ಉಳಿಯುವುದು ಮುಖ್ಯವಾಗಿ ಕೇಳಿ ತಿಳಿಯುವ ಶಕ್ತಿ. ಆಡುವ ಶಕ್ತಿ ಉಳಿಯಬೇಕಾದರೆ ಕಥೆಯ ಬಗ್ಗೆ ಮನೆಯಲ್ಲಿ ಅದೇ ಭಾಷೆಯಲ್ಲಿ ಮಾತುಕತೆಯೂ ನಡೆಯಬೇಕಾಗುತ್ತದೆ.

ಅನ್ಯಭಾಷಿಕ ದೇಶಗಳಲ್ಲಿ

ಮೆಕ್ಸಿಕೊದ 'ಲೋಸ್ ರಿಕೋಸ್ ತಾಂಬಿಯೆನ್ ಯೋರಾನ್' (ಶ್ರೀಮಂತರೂ ಅಳುತ್ತಾರೆ, 1979) 1991ರ ಕೊನೆಯಲ್ಲಿ, ಸೋವಿಯೆತ್ ಒಕ್ಕೂಟವು ವಿಘಟನೆಗೊಳ್ಳುತ್ತಿದ್ದ ಕಾಲದಲ್ಲಿ, ಅಲ್ಲಿ ಪ್ರಸಾರವಾಗತೊಡಗಿತು. ದಿನಬಳಕೆಯ ಸಾಮಾನುಗಳಿಗೂ ಪರದಾಡುತ್ತಿದ್ದ ಜನತೆ ಅದನ್ನು ಅಪಾರವಾಗಿ ಮೆಚ್ಚಿತು. ನಾಯಕಿಯ ಪಾತ್ರ ವಹಿಸಿದ್ದ ವೆರೋನಿಕಾ ಕಾಸ್ತ್ರೊ 1992ರಲ್ಲಿ ರಷ್ಯಾಕ್ಕೆ ಭೇಟಿ ನೀಡಿದಾಗ ಆಕೆಗೆ ಭವ್ಯ ಸ್ವಾಗತ ದೊರೆಯಿತು. ವೆನೆಜುವೆಲಾದ 'ಕಸ್ಸಾಂದ್ರಾ' (1992) ಹಾಗೂ ಮೆಕ್ಸಿಕೊದ 'ಮಾರಿಮಾರ್' (1994) ಸಹ ಅನೇಕ ದೇಶಗಳನ್ನು ತಲುಪಿದವು. 'ಮಾರಿಮಾರ್' ಫಿಲಿಪ್ಪೀನ್ಸ್‌ನಲ್ಲಿ ವಿಶೇಷ ಜನಪ್ರಿಯತೆ ಗಳಿಸಿತು.

ಭಾಷಾಕಲಿಕೆ

ಧಾರಾವಾಹಿಯಿಂದ ಭಾಷೆ ಕಲಿಯಲು ಸಾಧ್ಯವೇ ಎಂಬುದು ಪ್ರಸಾರದ ಕ್ರಮವನ್ನು ಅವಲಂಬಿಸಿದೆ. ರಷ್ಯಾದಲ್ಲಿ ಮೂಲ ಧ್ವನಿಯ ಮೇಲೆ ರಷ್ಯನ್ ಧ್ವನಿಯನ್ನು ಸೇರಿಸುತ್ತಿದ್ದರು. ರೊಮೇನಿಯಾ ಮತ್ತು ಇಸ್ರೇಲ್‌ಗಳಲ್ಲಿ ಮೂಲ ಸಂಭಾಷಣೆಯನ್ನು ಹಾಗೆಯೇ ಉಳಿಸಿ ಅಡಿಬರಹ ನೀಡುತ್ತಿದ್ದುದರಿಂದ ಅಲ್ಲಿನ ಅನೇಕ ವೀಕ್ಷಕರು ತರಗತಿಗೆ ಹೋಗದೆಯೇ ಸ್ಪ್ಯಾನಿಷ್ ಕಲಿತರು. ದಿನವೂ ಅದೇ ಪಾತ್ರಗಳು, ಅದೇ ಧ್ವನಿಗಳು, ಮರುಕಳಿಸುವ ನುಡಿಗಟ್ಟುಗಳು ಇರುವುದರಿಂದ ಪದಗಳು ಸಂದರ್ಭಸಹಿತವಾಗಿ ಮನಸ್ಸಿನಲ್ಲಿ ನಿಲ್ಲುತ್ತವೆ.

ಸಂಬೋಧನೆಯ ಕ್ರಮವನ್ನು ತಿಳಿಯಲು ಟೆಲಿನೊವೆಲಾಗಳು ಸಹಾಯಕ. ಕನ್ನಡದ 'ನೀನು' ಮತ್ತು 'ನೀವು' ಎಂಬಂತೆ ಸ್ಪ್ಯಾನಿಷಿನಲ್ಲಿ 'ತು' ಮತ್ತು 'ಉಸ್ತೆದ್' ಇವೆ. ಇಬ್ಬರು ಒಂದರಿಂದ ಇನ್ನೊಂದಕ್ಕೆ ಹೊರಳಿದರೆ ಸಂಬಂಧ ಬದಲಾಯಿತೆಂದೇ ಅರ್ಥ. ಅರ್ಜೆಂಟೀನಾದಲ್ಲಿ 'ತು' ಬದಲು 'ವೊಸ್' ಬಳಕೆಯಲ್ಲಿದೆ. ಕೊಲಂಬಿಯಾದ ಬೊಗೊಟಾ ನಗರದಲ್ಲಿ ಮನೆಯವರ ನಡುವೆಯೂ 'ಉಸ್ತೆದ್' ಕೇಳಿಬರುತ್ತದೆ. ರಫ್ತನ್ನು ಗಮನದಲ್ಲಿರಿಸಿಕೊಂಡ ನಿರ್ಮಾಪಕರು ಪ್ರಾದೇಶಿಕ ಉಚ್ಚಾರಣೆಯನ್ನು ತಗ್ಗಿಸಿದ 'ತಟಸ್ಥ ಸ್ಪ್ಯಾನಿಷ್' ಬಳಸುವುದುಂಟು. ಅದು ಕಲಿಯುವವರಿಗೆ ಸುಲಭವಾದರೂ ಬೀದಿಯ ಮಾತಿಗಿಂತ ತುಸು ಬೇರೆ.

ಭಾರತದೊಂದಿಗಿನ ನಂಟು

ಮೆಕ್ಸಿಕೊದ ಮಿಗೆಲ್ ಸಾಬಿದೊ 1970ರ ದಶಕದಲ್ಲಿ ವಯಸ್ಕರ ಶಿಕ್ಷಣ ಮತ್ತು ಕುಟುಂಬ ಯೋಜನೆಯ ಆಶಯಗಳನ್ನು ಟೆಲಿನೊವೆಲಾಗಳಲ್ಲಿ ಅಳವಡಿಸಿದರು. ಈ ಮಾದರಿಯ ಪ್ರೇರಣೆಯಿಂದ ದೂರದರ್ಶನವು 1984ರಲ್ಲಿ ಮನೋಹರ ಶ್ಯಾಮ ಜೋಶಿಯವರು ಬರೆದ 'ಹಮ್ ಲೋಗ್' ಹಿಂದಿ ಧಾರಾವಾಹಿಯನ್ನು ಆರಂಭಿಸಿತು. ಫೆರ್ನಾಂದೊ ಗೈತಾನ್ ರಚಿಸಿದ ಕೊಲಂಬಿಯಾದ 'ಯೊ ಸೊಯ್ ಬೆಟಿ, ಲಾ ಫೆಯಾ' (1999–2001) ಹಿಂದಿಯಲ್ಲಿ 'ಜಸ್ಸೀ ಜೈಸೀ ಕೋಯೀ ನಹೀಂ' (2003) ಆಗಿ ರೂಪಾಂತರಗೊಂಡಿತು.

ಟೀಕೆ ಮತ್ತು ಇಂದಿನ ಸ್ಥಿತಿ

ನಾಯಕ-ನಾಯಕಿಯರು ಬಹುತೇಕ ಬಿಳಿ ಬಣ್ಣದವರಾಗಿದ್ದು, ಮೂಲನಿವಾಸಿಗಳು ಮನೆಗೆಲಸದವರ ಪಾತ್ರಗಳಿಗೆ ಸೀಮಿತರಾಗಿರುವುದು, ಬಡತನಕ್ಕೆ ಮದುವೆಯೊಂದೇ ಪರಿಹಾರವೆಂಬಂತೆ ತೋರಿಸುವುದು ಟೆಲಿನೊವೆಲಾಗಳ ಮೇಲಿರುವ ಪ್ರಮುಖ ಆಕ್ಷೇಪಗಳು. ಮಾದಕವಸ್ತು ಸಾಗಣೆದಾರರನ್ನು ವೈಭವೀಕರಿಸುವ ಕಥೆಗಳೂ ಟೀಕೆಗೆ ಗುರಿಯಾಗಿವೆ. ಅಂತರಜಾಲ ವೇದಿಕೆಗಳು ಬಂದ ಮೇಲೆ ಪರದೇಶದಲ್ಲಿರುವವರು ಹಳೆಯ ಧಾರಾವಾಹಿಗಳನ್ನೂ ಬೇಕೆಂದಾಗ ನೋಡಬಲ್ಲರು. ಆದರೆ ಪ್ರತಿಯೊಬ್ಬರೂ ತಮ್ಮತಮ್ಮ ಫೋನಿನಲ್ಲಿ ನೋಡುವ ಅಭ್ಯಾಸ ಬೆಳೆದಂತೆ, ಹಿರಿಯರು ಮತ್ತು ಕಿರಿಯರು ಒಂದೇ ಕೋಣೆಯಲ್ಲಿ ಕುಳಿತು ಒಂದೇ ಭಾಷೆಯನ್ನು ಆಲಿಸುವ ಸಂದರ್ಭಗಳು ಕಡಿಮೆಯಾಗುತ್ತಿವೆ.