ಅಂಗಳವಿಲ್ಲದ ಅಂಗನವಾಡಿ

ಸಂಸ್ಕೃತದ ‘ಅಂಗಣ’ವೇ ಕನ್ನಡದಲ್ಲಿ ‘ಅಂಗಳ’ವೆಂಬುದು ವಿದಿತವಾದ ಸಂಗತಿ. ‘ಅಂಗನವಾಡಿ’ ಎಂಬ ಹೆಸರೂ ಆ ಮೂಲದಿಂದಲೇ ಹುಟ್ಟಿದುದು. ಆದುದರಿಂದ ಅಂಗಳವಿಲ್ಲದ ಅಂಗನವಾಡಿಯು ನೀರಿಲ್ಲದ ಕೆರೆಯಂತೆ ಹೆಸರಿಗೆ ಮಾತ್ರ ಉಳಿದ ವಸ್ತುವಾಗುವುದು.

ಶಿಶುವಿಗೆ ಆಟವೇ ಪಾಠವೆಂದು ಬಗೆದು ಜರ್ಮನಿಯ ಫ್ರೋಬೆಲನು 1837ರಲ್ಲಿ ಬ್ಲಾಂಕೆನ್‌ಬರ್ಗಿನಲ್ಲಿ ಶಿಶುಶಾಲೆಯನ್ನು ಆರಂಭಿಸಿದನು. ಮುಂದೆ ಅದಕ್ಕೆ ಮಕ್ಕಳ ತೋಟವೆಂಬರ್ಥದ ಹೆಸರನ್ನಿಟ್ಟನು. ನಮ್ಮ ದೇಶದಲ್ಲಿ ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ಸ್ಥಾಪಿಸಿದರು. ಅವರೊಡನೆ ದುಡಿದ ತಾರಾಬಾಯಿ ಮೋಡಕರು 1945ರಲ್ಲಿ ಬೋರ್ಡಿ ಗ್ರಾಮಕ್ಕೆ ಹೋದರು. ಆದಿವಾಸಿಗಳ ಮಕ್ಕಳು ಶಾಲೆಗೆ ಬಾರದಿರಲು, ಶಾಲೆಯೇ ಅವರ ಹಾಡಿಯ ಅಂಗಳಕ್ಕೆ ಹೋಯಿತು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ಮೊದಲಾದಾಗ ಈ ಹೆಸರೇ ಎಲ್ಲೆಡೆ ಹಬ್ಬಿತು. ಕರ್ನಾಟಕದಲ್ಲಿ ಅದರ ಆರಂಭವು ತಿರುಮಕೂಡಲು ನರಸೀಪುರದಲ್ಲಾಯಿತು.

ಕಲಬುರಗಿಯ ಸೀಮೆಯಲ್ಲಿ ಮಕ್ಕಳ ಆಟಕ್ಕೆ ಪೂರ್ವದಲ್ಲಿ ಪ್ರತ್ಯೇಕ ಬಯಲು ಬೇಕಾಗಿರಲಿಲ್ಲ. ಮನೆಯ ಅಂಗಳ, ಗುಡಿಯ ಪ್ರಾಂಗಣ, ಊರ ಮುಂದಿನ ಬೇವಿನ ನೆರಳು ಇವೇ ಸಾಕಾಗಿದ್ದವು. ನಾಗರಪಂಚಮಿಗೆ ಜೋಕಾಲಿ ಕಟ್ಟಿದ ಹಿರಿಯನು ತಾನೇ ಹಗ್ಗವನ್ನು ಜಗ್ಗಿ ನೋಡಿ, ಅನಂತರ ಮಕ್ಕಳನ್ನು ಕೂರಿಸುತ್ತಿದ್ದನು. ಇಂದು ನಗರದ ಇಕ್ಕಟ್ಟಾದ ಓಣಿಗಳಲ್ಲಿ ಅನೇಕ ಶಿಶುಕೇಂದ್ರಗಳಿಗೆ ಒಂದು ಕೋಣೆಯೇ ಸರ್ವಸ್ವ. ಕೆಂಪು ಬಾಳೆಗೆ ಹೆಸರಾದ ಕಮಲಾಪುರದ ಕಡೆ ಬಯಲಿಗೆ ಕೊರತೆಯಿಲ್ಲ. ಆದರೆ ಬೇಲಿಯಿಲ್ಲದ ಬಯಲಿನ ಆಚೆಗೆ ಹೆದ್ದಾರಿಯುಂಟು, ತೋಟದ ಬಾವಿಯುಂಟು. ಒಂದು ಕಡೆ ಮಗುವಿನ ಕಾಲಿಗೆ ಸೆರೆ. ಇನ್ನೊಂದು ಕಡೆ ಪ್ರಾಣಕ್ಕೇ ಭಯ.

ಆದಕಾರಣ ಅಂಗಳವನ್ನು ಯೋಜಿಸುವವರು ಈ ನೆಲದ ಗುಣವನ್ನು ಮೊದಲು ಅರಿಯಬೇಕು. ಎರೆಭೂಮಿಯು ಬೇಸಿಗೆಯಲ್ಲಿ ಬಿರಿಯುವುದು, ಮಳೆಗಾಲದಲ್ಲಿ ಕೆಸರಾಗುವುದು. ಶಹಾಬಾದದ ಹಾಸುಗಲ್ಲು ನಡೆಯಲು ಹಿತವಾದರೂ ಬಿದ್ದ ಮಗುವಿನ ತಲೆಗೆ ಕಠಿಣ. ಜೋಕಾಲಿ, ಜಾರುಬಂಡೆಗಳ ಕೆಳಗೂ ಸುತ್ತ ಆರು ಅಡಿಗಳವರೆಗೂ ಒಂದು ಅಡಿ ಆಳಕ್ಕೆ ಸಡಿಲವಾದ ಮರಳನ್ನು ತುಂಬುವುದು ಯುಕ್ತ. ಬಿಸಿಲು 40 ಡಿಗ್ರಿಯನ್ನು ಮೀರುವ ಈ ಊರಲ್ಲಿ ತಗಡಿನ ಜಾರುಬಂಡೆಯು ಮೈಯನ್ನು ಸುಡುವುದು. ಬೇವು, ಹೊಂಗೆಗಳ ನೆರಳೇ ಇದಕ್ಕೆ ಪರಿಹಾರ. ಮೂರು ವರ್ಷದೊಳಗಿನ ಕೂಸುಗಳಿಗೆ ಬೇರೆ ಮೂಲೆ, ನೀರಿನ ತೊಟ್ಟಿಗೆ ಭದ್ರವಾದ ಮುಚ್ಚಳ, ಮಗುವಿನ ಕೈಗೆ ಎಟುಕದ ಅಗಳಿಯ ಬಾಗಿಲು ಇವು ಅವಶ್ಯಕ. ಕುಳಿತಲ್ಲಿಂದಲೇ ಕಾರ್ಯಕರ್ತೆಗೆ ಎಲ್ಲ ಮಕ್ಕಳೂ ಕಾಣುವಂತಿರಬೇಕು. ಬೇಲಿಗಿಂತಲೂ ಕಣ್ಣೇ ದೊಡ್ಡ ಕಾವಲು.

ಶರಣಬಸವೇಶ್ವರರ ದಾಸೋಹದಿಂದ ಹೆಸರಾದ ನಗರವಿದು. ಹಸಿದ ಮಗುವಿಗೆ ಅನ್ನವಿಕ್ಕುವ ಧರ್ಮವು ಇಲ್ಲಿ ಹೊಸದಲ್ಲ. ಅಂಗನವಾಡಿಯೂ ಅದನ್ನೇ ನಡೆಸುತ್ತಿದೆ. ಉಂಡ ಮಗುವು ನಿರ್ಭಯವಾಗಿ ಓಡಾಡುವಷ್ಟು ನೆಲವನ್ನು ಬಿಟ್ಟುಕೊಡುವುದೂ ಆ ಧರ್ಮದ ಉಳಿದರ್ಧವೇ ಆಗಿದೆ.