ಎರಡು ಕಾಲದ ಕೋಟೆಗಳು: ಮಧುಗಿರಿ ಮತ್ತು ಚನ್ನರಾಯನದುರ್ಗ

ಮಧುಗಿರಿ: ತುಮಕೂರು ಜಿಲ್ಲೆಯ ಉತ್ತರ ಭಾಗದ ಗಿರಿದುರ್ಗಗಳಲ್ಲಿ ಮಧುಗಿರಿಗೆ ಅಗ್ರಸ್ಥಾನ. ಹಿಂದೆ ಮದ್ದಗಿರಿ ಎಂಬ ಹೆಸರಿದ್ದ ಈ ಏಕಶಿಲಾ ಬೆಟ್ಟದ ಕೋಟೆ ಒಬ್ಬರ ಕೈಯಲ್ಲಿ ರೂಪುಗೊಂಡದ್ದಲ್ಲ. ಪಾಳೆಯಗಾರರು ಕಟ್ಟಿದ್ದನ್ನು ನಂತರದ ಆಳರಸರು ಬಲಪಡಿಸಿದರು. ನೆರೆಯ ಕೊರಟಗೆರೆ ತಾಲ್ಲೂಕಿನ ಚನ್ನರಾಯನದುರ್ಗವೂ ಮದ್ದಗಿರಿ ನಾಯಕರ ಕೈಯಿಂದ ಮೈಸೂರಿನ ವಶಕ್ಕೆ ಬಂದ ಕೋಟೆಯೇ.

ಮೂಲ ಕೋಟೆ

ಸ್ಥಳೀಯ ನಾಯಕನಾದ ರಾಜಾ ಹಿರೇಗೌಡ ಇಲ್ಲಿ ಮೊದಲು ಮಣ್ಣಿನ ಕೋಟೆಯನ್ನು ಕಟ್ಟಿಸಿದನೆಂಬುದು ಪ್ರತೀತಿ. ಮುಂದೆ ಅದರ ಸ್ಥಾನದಲ್ಲಿ ಕಲ್ಲಿನ ಕೋಟೆ ಎದ್ದಿತು. ಅಂತರಾಳದ ಬಾಗಿಲು, ದಿಡ್ಡಿ ಬಾಗಿಲು, ಮೈಸೂರು ಬಾಗಿಲುಗಳು ಇದರ ಪ್ರಮುಖ ದ್ವಾರಗಳು. ಬಂಡೆಯಲ್ಲೇ ಕಡಿದ ಮೆಟ್ಟಿಲುಗಳು ಏರುಗರಿಗೆ ಆಸರೆಯಾದರೆ, ಮಳೆನೀರು ನಿಲ್ಲುವ ದೊಣೆಗಳು ಕಾವಲಿನವರಿಗೆ ಜೀವಾಧಾರವಾಗಿದ್ದವು.

ಹೈದರನ ನವೀಕರಣ

1678ರಲ್ಲಿ ಚಿಕ್ಕದೇವರಾಜ ಒಡೆಯರ ಆಳ್ವಿಕೆಯಲ್ಲಿ ಮಧುಗಿರಿ ಮೈಸೂರಿನ ವಶವಾಯಿತು. ಕೋಟೆಯನ್ನು ವಿಸ್ತರಿಸಿ ಭದ್ರಪಡಿಸಿದವನು ಹೈದರಾಲಿ. 1763ರಲ್ಲಿ ಬಿದನೂರನ್ನು ಗೆದ್ದ ಬಳಿಕ ಕೆಳದಿಯ ರಾಣಿ ವೀರಮ್ಮಾಜಿಯನ್ನು ಆತ ಸೆರೆಯಲ್ಲಿಟ್ಟದ್ದು ಇಲ್ಲಿಯೇ. 1767ರಲ್ಲಿ ಮರಾಠರು ಕೋಟೆಯನ್ನು ಹಿಡಿದಾಗ ರಾಣಿಗೆ ಬಿಡುಗಡೆ ದೊರೆಯಿತು. ಶತ್ರುವನ್ನು ಹೊರಗಿಡಲು ಎದ್ದ ಗೋಡೆ ರಾಣಿಯೊಬ್ಬಳನ್ನು ಒಳಗಿಡಲು ಬಳಕೆಯಾಯಿತು.

ಸಿಸಿಲಿಯ ನಿದರ್ಶನ

ಕಟ್ಟಡದ ರೂಪ ಬದಲಾದಂತೆ ಬಳಕೆಯೂ ಬದಲಾಗುವುದು ಇತಿಹಾಸದಲ್ಲಿ ಹೊಸತಲ್ಲ. ಇಟಲಿಯ ಸಿಸಿಲಿ ದ್ವೀಪದ ಟಾವೊರ್ಮಿನಾದಲ್ಲಿ ಗ್ರೀಕರು ಗುಡ್ಡದ ಇಳಿಜಾರನ್ನೇ ಆಸನಗಳ ಸಾಲಾಗಿಸಿ ರಂಗಮಂದಿರ ರಚಿಸಿದ್ದರು. ರೋಮನ್ನರು ಅದನ್ನು ಇಟ್ಟಿಗೆಯಲ್ಲಿ ಪುನರ್ನಿರ್ಮಿಸಿ, ಕೊನೆಗೆ ಮಲ್ಲರ ಕಾಳಗದ ಕಣವಾಗಿ ಮಾರ್ಪಡಿಸಿದರು. ಇಂದು ಪ್ರವಾಸಿಗರ ಕಣ್ಣಿಗೆ ಹೆಚ್ಚಾಗಿ ಬೀಳುವುದು ರೋಮನ್ನರ ಇಟ್ಟಿಗೆ ಕೆಲಸವೇ.

ಉಳಿಸಬೇಕಾದುದು

ದುರಸ್ತಿ ಅನಿವಾರ್ಯ, ಆದರೆ ಅದರ ವಿಧಾನ ಮುಖ್ಯ. ಕಲ್ಲಿನ ಸಂದುಗಳಿಗೆ ಸಿಮೆಂಟ್ ಮೆತ್ತಿದರೆ ಯಾವ ಗೋಡೆ ಪಾಳೆಯಗಾರರದು, ಯಾವುದು ಹೈದರನದು ಎಂಬ ಗುರುತೇ ಅಳಿಸಿಹೋಗುತ್ತದೆ. ನಿಧಿಯಾಸೆಗೆ ಅಡಿಪಾಯ ಅಗೆಯುವುದಂತೂ ಪುಟವನ್ನೇ ಹರಿದಂತೆ. ಬರಹದ ದಾಖಲೆ ವಿರಳವಾದ ಪಾಳೆಯಗಾರರ ಚರಿತ್ರೆಗೆ ಈ ಕಲ್ಲುಗಳೇ ಪ್ರಮುಖ ಸಾಕ್ಷಿ. ಬೆಟ್ಟವೇರುವವರು ತುದಿಯ ನೋಟಕ್ಕಾಗಿ ಆತುರಪಡದೆ, ದಾರಿಯಲ್ಲಿ ಗೋಡೆಯ ಕಟ್ಟಡ ಎಲ್ಲಿ ಬದಲಾಗುತ್ತದೆಂಬುದನ್ನೂ ಗಮನಿಸುವುದೊಳಿತು. ಬೆಟ್ಟ ಕಡಿದಾಗಿದ್ದು, ಮಳೆಗಾಲದಲ್ಲಿ ಬಂಡೆ ಜಾರುವುದರಿಂದ ಎಚ್ಚರ ಅಗತ್ಯ.