ಸಾಣೆಕಲ್ಲಿನ ಲೆಕ್ಕ

ಮಸ್ಕಿ ಎಂದರೆ 1915ರಲ್ಲಿ ಪತ್ತೆಯಾದ ಅಶೋಕನ ಶಾಸನ ಎಲ್ಲರಿಗೂ ನೆನಪಾಗುತ್ತದೆ. ಮನುಷ್ಯರಿಗೂ ದನಕರುಗಳಿಗೂ ಔಷಧಿ ಗಿಡ ನೆಡಿಸಿದ ಮಾತು ಅಶೋಕನ ಬೇರೊಂದು ಶಾಸನದಲ್ಲಿದೆ. ಆದರೆ ನಮ್ಮ ಸಿಂಧನೂರು, ಲಿಂಗಸುಗೂರು, ಮಸ್ಕಿ ಭಾಗದ ತಾಯಂದಿರು ಕೂಸು ಸಾಕಿದ ತಿಳಿವಳಿಕೆಯನ್ನು ಯಾರೂ ಕಲ್ಲಿನಲ್ಲಿ ಕೆತ್ತಿಸಲಿಲ್ಲ. ಅದು ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಬಾಯಿಮಾತಿನಲ್ಲೇ ಬಂತು.

ಗುಟ್ಟಿಯನ್ನೇ ನೋಡಿ. ಬಜೆ, ಅಳಲೆಕಾಯಿ, ಜಾಜಿಕಾಯಿ, ಉತ್ತತ್ತಿ, ಬಾದಾಮಿ ಇವನ್ನು ತಾಯಿಯ ಹಾಲಿನಲ್ಲಿ ತೇಯ್ದು ಕೂಸಿಗೆ ನೆಕ್ಕಿಸುತ್ತಿದ್ದರು. ಅಳತೆಗೆ ಚಮಚ ಇರಲಿಲ್ಲ, ಸಾಣೆಕಲ್ಲಿನ ಮೇಲಿನ ಸುತ್ತೇ ಅಳತೆ. ಹಸುಗೂಸಿಗೆ ಒಂದು ಸುತ್ತು, ಬೆಳೆದಂತೆ ಎರಡು, ಮೂರು. ಹೊಟ್ಟೆ ಉಬ್ಬಿದರೆ ಒಂದು ಬೇರು, ಭೇದಿಯಾದರೆ ಇನ್ನೊಂದು ಕಾಯಿ. ಮಕ್ಕಳ ವೈದ್ಯದ ಹಳೆಯ ಗ್ರಂಥ ಕಾಶ್ಯಪ ಸಂಹಿತೆಯಲ್ಲೂ ಕೂಸಿಗೆ ನೆಕ್ಕಿಸುವ ಮದ್ದಿಗೆಂದೇ ಒಂದು ಅಧ್ಯಾಯವಿದೆ.

ಆದರೆ ಹಳೆಯದೆಲ್ಲ ಒಳ್ಳೆಯದು ಎನ್ನಲು ನಾವು ತಯಾರಿಲ್ಲ. ಹೆರಿಗೆಯಾದ ಮೊದಲ ದಿನಗಳ ಹಳದಿ ಗಟ್ಟಿ ಹಾಲನ್ನು ಹಿಂಡಿ ಚೆಲ್ಲಿ ಸಕ್ಕರೆ ನೀರು, ಜೇನು ಕೊಟ್ಟ ಮನೆಗಳೂ ಇಲ್ಲೇ ಇದ್ದವು. ಹೊಟ್ಟೆನೋವಿಗೆಂದು ಕೂಸಿನ ಹೊಟ್ಟೆಗೆ ಬರೆ ಹಾಕಿದವರೂ ಇದ್ದರು. ಹುಟ್ಟಿದ ಒಂದು ತಾಸಿನೊಳಗೆ ಎದೆಹಾಲು, ಆರು ತಿಂಗಳವರೆಗೆ ಎದೆಹಾಲು ಬಿಟ್ಟು ನೀರೂ ಬೇಡ, ವರ್ಷ ತುಂಬುವವರೆಗೆ ಜೇನು ಬೇಡ ಎಂಬುದು ಇಂದಿನ ವೈದ್ಯರ ಮಾತು. ಬಜೆಯಲ್ಲಿರುವ ಒಂದು ಅಂಶ ಪ್ರಯೋಗಾಲಯದ ಪ್ರಾಣಿಗಳಲ್ಲಿ ಕ್ಯಾನ್ಸರ್ ತಂದದ್ದು ಕಂಡು ಅಮೆರಿಕ 1968ರಲ್ಲೇ ಅದನ್ನು ಆಹಾರದಲ್ಲಿ ಬಳಸದಂತೆ ನಿಷೇಧಿಸಿತು. ಹಾಗಾಗಿ ಗುಟ್ಟಿಯನ್ನು ಮತ್ತೆ ಶುರು ಮಾಡಿ ಎಂದು ನಾವು ಬರೆಯುತ್ತಿಲ್ಲ.

ಉಳಿಸಿಕೊಳ್ಳಬೇಕಾದದ್ದು ಬೇರೆ ಇತ್ತು. ಆರೇಳು ತಿಂಗಳ ಕೂಸಿಗೆ ನವಣೆ ಗಂಜಿ, ಹೆಸರುಬೇಳೆಯ ಕಟ್ಟು, ಹಾಲಿನಲ್ಲಿ ಕಿವುಚಿದ ಜೋಳದ ರೊಟ್ಟಿ. ಇವೆಲ್ಲ ಮನೆಯ ಹೊಲದಲ್ಲೇ ಬೆಳೆದವು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಸಿಂಧನೂರು ಭತ್ತದ ನಾಡಾಯಿತು. ದುಡ್ಡು ಬಂತು, ನವಣೆ ಹೋಯಿತು. ನೀರು ಕಾಣದ ಲಿಂಗಸುಗೂರು, ಮಸ್ಕಿಯ ಒಣಬೇಸಾಯದ ಊರುಗಳಿಂದ ಹೆಣ್ಣುಮಕ್ಕಳು ನಾಟಿ ಕೂಲಿಗೆ ಹೊರಟರು, ಬೆಂಗಳೂರಿಗೆ ಗುಳೆ ಹೋದರು. ಕೂಸು ಬದುವಿನ ಮೇಲೆ ಸೀರೆಯ ಜೋಳಿಗೆಯಲ್ಲಿ ಉಳಿಯಿತು. ಗಂಜಿ ಕಾಯಿಸುವ ಅಜ್ಜಿ ಊರಲ್ಲಿ, ತಾಯಿ ಕೆಸರಲ್ಲಿ. ನಡುವೆ ಚಹಾದಲ್ಲಿ ಅದ್ದಿದ ಬಿಸ್ಕತ್ತು ಬಂತು.

2011ರ ಸುಮಾರಿಗೆ ರಾಯಚೂರು ಜಿಲ್ಲೆಯ ಮಕ್ಕಳ ಅಪೌಷ್ಟಿಕತೆ ರಾಜ್ಯಕ್ಕೆಲ್ಲ ಸುದ್ದಿಯಾಯಿತು. ವಿಷಯ ಹೈಕೋರ್ಟಿಗೂ ಹೋಯಿತು. ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಸಮಿತಿ ಬಂತು. ಆಗ ಹೆಚ್ಚು ಕೇಳಿದ ಮಾತು, 'ತಾಯಂದಿರಿಗೆ ತಿಳಿವಳಿಕೆ ಇಲ್ಲ.' ಈ ಮಾತನ್ನು ನಾವೂ ವರದಿಗಳಲ್ಲಿ ವಿಚಾರಿಸದೆ ಬರೆದಿದ್ದೇವೆ.

ತಿಳಿವಳಿಕೆ ಇತ್ತು. ಅದಕ್ಕೆ ಬೇಕಾದ ಕಾಳು, ಹೊತ್ತು, ಜೊತೆಗೊಬ್ಬ ಹಿರಿಯಳು ಇಲ್ಲವಾದರು. 2017ರ ತಿದ್ದುಪಡಿ ಹೆರಿಗೆ ರಜೆಯನ್ನು 26 ವಾರಕ್ಕೆ ಏರಿಸಿತು. ಅದು ನೌಕರಿಯಲ್ಲಿದ್ದವರಿಗೆ. ಭತ್ತ ನಾಟಿ ಮಾಡುವ ಬಾಣಂತಿಗೆ ಅಂಥ ರಜೆಯಿಲ್ಲ, ಒಂದು ದಿನ ಹೋಗದಿದ್ದರೆ ಆ ದಿನದ ಕೂಲಿ ಇಲ್ಲ. ಆರು ತಿಂಗಳು ಎದೆಹಾಲೇ ಕೊಡು ಎಂದು ಅವಳಿಗೆ ಹೇಳುವವರು, ಆ ಆರು ತಿಂಗಳು ಅವಳ ಮನೆ ಹೇಗೆ ನಡೆಯಬೇಕು ಎಂಬುದನ್ನೂ ಹೇಳಬೇಕು.